ಆ್ಯಪ್ ಹೇಳುವ ಅಂಕಿಯನ್ನು ನಂಬುವ ಮೊದಲು ಅದಕ್ಕೊಂದು ತಪ್ಪು ಅಂಕಿ ಕೊಟ್ಟು ನೋಡಿ

ಪ್ರಶ್ನೆ: ನಾನು ಸಿಂಧನೂರು ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಶಾಲಾ ಶಿಕ್ಷಕ. ಅವ್ವನಿಗೆ 61 ವರ್ಷ. ಶುಗರ್ ಬಂದು ಹತ್ತು ವರ್ಷದ ಮೇಲಾಯಿತು, ಈಗ ಬಿಪಿಯೂ ಸೇರಿಕೊಂಡಿದೆ. ಬೆಳಗ್ಗೆ, ರಾತ್ರಿ 30/70 ಇನ್ಸುಲಿನ್ ತಗೊಳ್ತಾರೆ. ಬೆಂಗಳೂರಿನಲ್ಲಿರುವ ನನ್ನ ತಮ್ಮ, ಊರಿಗೆ ಬಂದಾಗ, ಮನೆಯ ಫೋನಿಗೆ ಎರಡು ಆ್ಯಪ್ ಹಾಕಿಕೊಟ್ಟು ಹೋಗಿದ್ದಾನೆ. ಒಂದರಲ್ಲಿ ಶುಗರ್ ಬರೆದರೆ ಎಷ್ಟು ಯೂನಿಟ್ ಇನ್ಸುಲಿನ್ ಬೇಕು ಅಂತ ಅದೇ ಹೇಳುತ್ತದೆ. ಇನ್ನೊಂದರಲ್ಲಿ ಕ್ಯಾಮೆರಾ ಮೇಲೆ ಬೆರಳಿಟ್ಟರೆ ಬಿಪಿ ಬರುತ್ತದೆ. ಎರಡಕ್ಕೂ ನಾಲ್ಕೂವರೆಗಿಂತ ಹೆಚ್ಚು ಸ್ಟಾರ್ ಇವೆ. ಊರಿನವರೂ ‘ಮಾಸ್ತರ್, ನಮಗೂ ಹಾಕಿಕೊಡ್ರಿ’ ಅಂತಿದ್ದಾರೆ. ಯಾವುದು ಒಳ್ಳೆಯದು, ಯಾವುದು ಅಲ್ಲ ಅಂತ ನಮ್ಮಂಥವರು ತಿಳಿಯುವುದು ಹೇಗೆ?

ಉತ್ತರ: ಮಾಸ್ತರರೇ, ಇವತ್ತೇ ಆಗಬೇಕಾದ ಎರಡು ಕೆಲಸ ಮೊದಲು ಹೇಳಿಬಿಡುತ್ತೇನೆ, ಕಾರಣ ಆಮೇಲೆ. ಬೆರಳಿಟ್ಟರೆ ಬಿಪಿ ಹೇಳುವ ಆ್ಯಪನ್ನು ಫೋನಿನಿಂದ ತೆಗೆದುಹಾಕಿ. ಶುಗರ್ ಆ್ಯಪಿನಲ್ಲಿ ಇನ್ಸುಲಿನ್ ಲೆಕ್ಕ ಹಾಕಿಕೊಡುವ ಭಾಗವನ್ನು ಮುಟ್ಟಬೇಡಿ, ಡಾಕ್ಟರು ಚೀಟಿಯಲ್ಲಿ ಬರೆದ ಯೂನಿಟ್ಟೇ ನಡೆಯಲಿ. ಶುಗರ್ ಬರೆದಿಡುವ ಭಾಗ ಉಳಿಯಬಹುದು, ಆದರೆ ಕೆಳಗೆ ಹೇಳುವ ಪರೀಕ್ಷೆಯಲ್ಲಿ ಅದು ಪಾಸಾದರೆ ಮಾತ್ರ.

ಆರೋಗ್ಯದ ಆ್ಯಪ್ ಕೈಗೆ ಬಂದಾಗ ನಾನು ಮೊದಲು ನೋಡುವುದು ಅದು ಎಷ್ಟು ಚೆನ್ನಾಗಿದೆ ಎಂಬುದನ್ನಲ್ಲ. ಇದು ತಪ್ಪು ಹೇಳಿದರೆ ಆ ಮನೆಯಲ್ಲಿ ಏನಾಗುತ್ತದೆ? ಹೆಜ್ಜೆ ಎಣಿಸುವ ಆ್ಯಪ್ ನೂರು ಹೆಜ್ಜೆ ಹೆಚ್ಚು ಕಡಿಮೆ ಎಣಿಸಿದರೆ ಯಾರಿಗೂ ತೊಂದರೆಯಿಲ್ಲ. ಗುಳಿಗೆ ನೆನಪಿಸುವ ಆ್ಯಪ್ ಒಂದು ದಿನ ಮರೆತರೆ ಸ್ವಲ್ಪ ತೊಂದರೆ. ಬಿಪಿ ಇಷ್ಟಿದೆ ಎಂದು ಅಳೆದು ಹೇಳುವುದು, ಇಷ್ಟು ಯೂನಿಟ್ ಚುಚ್ಚಿಕೋ ಎಂದು ಹೇಳುವುದು ಬೇರೆಯೇ ಮಾತು. ಅಲ್ಲಿ ತಪ್ಪಾದರೆ ಜೀವಕ್ಕೇ ಬರುತ್ತದೆ. ಹಾಗಾಗಿ ಎಲ್ಲ ಆ್ಯಪಿಗೂ ಒಂದೇ ಅಳತೆಗೋಲು ಹಿಡಿಯಬಾರದು. ನಿಮ್ಮ ತಮ್ಮ ಪ್ರೀತಿಯಿಂದ ಹಾಕಿಕೊಟ್ಟ ಎರಡೂ ಆ್ಯಪ್ ಹೆಚ್ಚು ಅಪಾಯದ ಸಾಲಿನಲ್ಲೇ ನಿಲ್ಲುತ್ತವೆ.

ಬಿಪಿಯದನ್ನು ಮೊದಲು ನೋಡೋಣ. ಕ್ಯಾಮೆರಾದ ಲೈಟು ಬೆರಳಿನೊಳಗೆ ಹಾಯುವಾಗ, ರಕ್ತ ಬಡಿದಂತೆಲ್ಲ ಬೆಳಕು ಚೂರು ಹೆಚ್ಚು ಕಡಿಮೆ ಆಗುತ್ತದೆ. ಅದರಿಂದ ನಾಡಿ ಬಡಿತ ಎಣಿಸಬಹುದು, ಎಷ್ಟೋ ಫೋನುಗಳು ಅದನ್ನು ಸರಿಯಾಗಿಯೇ ಎಣಿಸುತ್ತವೆ. ಆದರೆ ರಕ್ತ ನಾಳದ ಗೋಡೆಯನ್ನು ಎಷ್ಟು ಬಲವಾಗಿ ಒತ್ತುತ್ತಿದೆ ಎನ್ನುವುದು ಆ ಬೆಳಕಿನಿಂದ ನೇರವಾಗಿ ಸಿಗುವುದಿಲ್ಲ. ತೋಳಿಗೆ ಪಟ್ಟಿ ಕಟ್ಟಿ, ಗಾಳಿ ತುಂಬಿ, ಬಿಡುತ್ತಾ ಅಳೆಯುವುದು ಅದಕ್ಕೇ.

ಈ ವಿಷಯದಲ್ಲಿ ದಾಖಲಾದ ಒಂದು ಪ್ರಸಂಗವಿದೆ. ‘ಇನ್‌ಸ್ಟಂಟ್ ಬ್ಲಡ್ ಪ್ರೆಶರ್’ ಎಂಬ ಆ್ಯಪ್ 2014ರ ಜೂನ್‌ನಿಂದ 2015ರ ಜುಲೈವರೆಗೆ ಐಫೋನಿಗೆ ಮಾರಾಟಕ್ಕಿತ್ತು. ಫೋನನ್ನು ಎದೆಗೆ ಆನಿಸಿ ಕ್ಯಾಮೆರಾ ಮೇಲೆ ಬೆರಳಿಟ್ಟರೆ ಬಿಪಿ ಹೇಳುತ್ತಿತ್ತು. ದುಡ್ಡು ಕೊಟ್ಟು ಕೊಳ್ಳಬೇಕಾದ ಆ್ಯಪ್, ಆದರೂ ತಿಂಗಳುಗಟ್ಟಲೆ ಅತಿ ಹೆಚ್ಚು ಮಾರಾಟವಾಗುವ ಆ್ಯಪ್‌ಗಳ ಸಾಲಿನಲ್ಲಿತ್ತು. ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್ ಸಂಶೋಧಕರು ಅದನ್ನು ಸರಿಯಾದ ಬಿಪಿ ಯಂತ್ರದ ಪಕ್ಕದಲ್ಲಿಟ್ಟು ಪರೀಕ್ಷಿಸಿ 2016ರಲ್ಲಿ ಫಲಿತಾಂಶ ಪ್ರಕಟಿಸಿದರು. ನಿಜಕ್ಕೂ ಬಿಪಿ ಹೆಚ್ಚಿದ್ದವರಲ್ಲಿ ಶೇ 77.5 ಮಂದಿಗೆ ಆ್ಯಪ್ ‘ಹೆಚ್ಚೇನಿಲ್ಲ’ ಎಂದು ತೋರಿಸಿತ್ತು. ಆ ವರ್ಷದ ಡಿಸೆಂಬರಿನಲ್ಲಿ ಗ್ರಾಹಕರ ಹಿತ ಕಾಯುವ ಅಲ್ಲಿನ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್ ಕಂಪನಿಯ ಮೇಲೆ ಕ್ರಮ ಕೈಗೊಂಡಿತು.

ನಿಮ್ಮ ಸ್ಟಾರ್ ಪ್ರಶ್ನೆಗೆ ಉತ್ತರ ಅದೇ ಸಂಶೋಧಕರು ಆಮೇಲೆ ಮಾಡಿದ ಇನ್ನೊಂದು ಅಧ್ಯಯನದಲ್ಲಿದೆ. ಇಷ್ಟು ತಪ್ಪು ಹೇಳುವ ಆ್ಯಪನ್ನು ಜನ ಯಾಕೆ ಮೆಚ್ಚಿದರು ಎಂದು ಅವರು ಹುಡುಕಿದರು. ತಮ್ಮ ಬಿಪಿ ಇರುವುದಕ್ಕಿಂತ ಕಡಿಮೆ ಎಂದು ನೋಡಿದವರಿಗೆ ಆ್ಯಪ್ ಹೆಚ್ಚು ಇಷ್ಟವಾಗಿತ್ತು. ಸಹಜವೇ. ‘120/80’ ಎಂದು ಕಂಡರೆ ಯಾರಿಗೆ ಖುಷಿಯಾಗುವುದಿಲ್ಲ? ಆ ಖುಷಿಯಲ್ಲಿ ಐದು ಸ್ಟಾರ್ ಒತ್ತುತ್ತಾರೆ. ಬಿಪಿ ಗುಳಿಗೆ ಬಿಡುತ್ತಾರೆ. ಮುಂದೆ ಪಾರ್ಶ್ವವಾಯು ಹೊಡೆದರೆ ಅವರು ಆಸ್ಪತ್ರೆಯಲ್ಲಿರುತ್ತಾರೆ, ಸ್ಟಾರನ್ನು ತಿದ್ದಲು ವಾಪಸ್ ಬರುವುದಿಲ್ಲ. ಅಮೆರಿಕದಲ್ಲಿ 137 ಆರೋಗ್ಯ ಆ್ಯಪ್‌ಗಳನ್ನು ತೂಗಿ ನೋಡಿದ 2016ರ ಇನ್ನೊಂದು ಅಧ್ಯಯನವೂ ಬಳಕೆದಾರರ ಸ್ಟಾರಿಗೂ ವೈದ್ಯಕೀಯ ಉಪಯೋಗಕ್ಕೂ ಹೊಂದಾಣಿಕೆ ಇಲ್ಲ ಎಂದೇ ಹೇಳಿತು. ಸ್ಟಾರು ಹೇಳುವುದು ಆ್ಯಪ್ ಬೇಗ ತೆರೆಯುತ್ತದೆಯೇ, ಜಾಹೀರಾತಿನ ಕಾಟ ಇದೆಯೇ ಎಂಬಂಥ ವಿಷಯಗಳನ್ನು. ಅಷ್ಟರ ಮಟ್ಟಿಗೆ ನಂಬಿ. ಒಂದು, ಎರಡು ಸ್ಟಾರ್ ಕೊಟ್ಟವರು ಏನು ಬರೆದಿದ್ದಾರೆ ಎಂದು ಓದಿದರೆ ಐದು ಸ್ಟಾರಿನವರ ಮಾತಿಗಿಂತ ಹೆಚ್ಚು ತಿಳಿಯುತ್ತದೆ.

ಹಾಗಾದರೆ ತಾಯಿಯವರ ಬಿಪಿ? ತೋಳಿಗೆ ಕಟ್ಟುವ ಎಲೆಕ್ಟ್ರಾನಿಕ್ ಯಂತ್ರ ತೆಗೆದುಕೊಳ್ಳಿ, ಮಣಿಕಟ್ಟಿನದು ಬೇಡ. ಅಳೆಯುವ ಮೊದಲು ಅರ್ಧ ಗಂಟೆ ಚಹಾ ಬೇಡ, ಎಲೆ-ಅಡಿಕೆಯ ಜೊತೆ ತಂಬಾಕು ಹಾಕುವ ಅಭ್ಯಾಸವಿದ್ದರೆ ಅದೂ ಬೇಡ. ಬೆನ್ನಿಗೆ ಆಸರೆ ಕೊಟ್ಟು, ಕಾಲು ನೆಲಕ್ಕೂರಿ, ಮಾತಿಲ್ಲದೆ ಐದು ನಿಮಿಷ ಕೂರಿಸಿ, ಆಮೇಲೆ ಎರಡು ಸಲ ಅಳೆಯಿರಿ. ಮುಂದಿನ ಸಲ ಡಾಕ್ಟರ ಹತ್ತಿರ ಹೋಗುವಾಗ ಯಂತ್ರವನ್ನೂ ಒಯ್ದು ಅವರ ಯಂತ್ರದ ಜೊತೆ ಒಮ್ಮೆ ತಾಳೆ ನೋಡಿಸಿ. ಬೆರಳು ಚುಚ್ಚದೆ ಶುಗರ್ ಹೇಳುತ್ತದೆ ಎಂದು ಮಾರುವ ವಾಚು, ಉಂಗುರಗಳ ಕತೆಯೂ ಇದೇ. ಔಷಧ, ವೈದ್ಯಕೀಯ ಉಪಕರಣಗಳನ್ನು ನಿಯಂತ್ರಿಸುವ ಅಮೆರಿಕದ ಎಫ್‌ಡಿಎ 2024ರ ಫೆಬ್ರುವರಿಯಲ್ಲಿ ಅವನ್ನು ಬಳಸಬೇಡಿ ಎಂದು ಸಾರ್ವಜನಿಕರಿಗೆ ಎಚ್ಚರಿಕೆ ಕೊಟ್ಟಿತು. ತೋಳಿಗೆ ಅಂಟಿಸುವ, ಚರ್ಮದೊಳಗೆ ಸಣ್ಣ ತಂತಿ ಹೋಗುವ ಸೆನ್ಸರ್ ಬೇರೆ, ಅದು ನಿಜವಾದ ಉಪಕರಣ.

ಈಗ ಇನ್ಸುಲಿನ್. ಆ್ಯಪಿನೊಳಗಿನ ಡೋಸ್ ಲೆಕ್ಕದ ಸೂತ್ರಗಳು ಸಾಮಾನ್ಯವಾಗಿ ಇನ್ನೊಂದು ಬಗೆಯ ಚಿಕಿತ್ಸೆಗೆ ಮಾಡಿದವು. ದಿನಕ್ಕೊಮ್ಮೆ ದೀರ್ಘಕಾಲದ ಇನ್ಸುಲಿನ್, ಜೊತೆಗೆ ಪ್ರತಿ ಊಟಕ್ಕೂ ಬೇಗ ಕೆಲಸ ಮಾಡುವ ಇನ್ಸುಲಿನ್ ತಗೊಳ್ಳುವವರು ತಟ್ಟೆಯಲ್ಲಿ ಎಷ್ಟು ಕಾರ್ಬೋಹೈಡ್ರೇಟ್ ಇದೆ ಎಂದು ಎಣಿಸಿ, ಅದಕ್ಕೆ ತಕ್ಕಂತೆ ಊಟದ ಇನ್ಸುಲಿನ್ ಹೊಂದಿಸಿಕೊಳ್ಳುತ್ತಾರೆ. ನಿಮ್ಮ ತಾಯಿಯವರದು 30/70. ಬೇಗ ಕೆಲಸ ಮಾಡುವುದು, ನಿಧಾನ ಕೆಲಸ ಮಾಡುವುದು ಎರಡೂ ಒಂದೇ ಬಾಟಲಿಯಲ್ಲಿ ಬೆರೆತಿವೆ. ರಾತ್ರಿ ಶುಗರ್ ಹೆಚ್ಚು ಬಂತೆಂದು ಆ್ಯಪ್ ಹೇಳಿದಂತೆ ನಾಲ್ಕು ಯೂನಿಟ್ ಹೆಚ್ಚು ಹಾಕಿದರೆ ನಿಧಾನದ ಇನ್ಸುಲಿನ್ನೂ ಹೆಚ್ಚಾಗುತ್ತದೆ, ನಡುರಾತ್ರಿಯೋ ಬೆಳಗಿನ ಜಾವವೋ ಎಲ್ಲರೂ ಮಲಗಿರುವಾಗ ಶುಗರ್ ಲೋ ಆಗಬಹುದು. ಸೂತ್ರ ಸರಿಯಿದ್ದರೂ ಈ ರೋಗಿಗೆ ಅದು ತಪ್ಪು ಸೂತ್ರ. ಆ್ಯಪ್ ‘ನೀವು ಯಾವ ಇನ್ಸುಲಿನ್ ತಗೊಳ್ತೀರಿ’ ಎಂದು ಕೇಳಿಯೇ ಇಲ್ಲದಿದ್ದರೆ ಅದೊಂದೇ ಸಾಕು, ಅದರ ಲೆಕ್ಕವನ್ನು ಬಿಟ್ಟುಬಿಡಲು.

ಆ್ಯಪಿಗೆ ಕಾಣದ ಇನ್ನೊಂದು ಅಪಾಯವನ್ನೂ ಇಲ್ಲೇ ಹೇಳಬೇಕು, ಅದು ನಮ್ಮ ಕಡೆ ತೀರಾ ಸಾಮಾನ್ಯ. ನಮ್ಮ ದೇಶದಲ್ಲಿ ಇನ್ಸುಲಿನ್ ಬಾಟಲಿ ಒಂದು ಎಂಎಲ್‌ಗೆ 40 ಯೂನಿಟ್ಟಿನದೂ ಸಿಗುತ್ತದೆ, 100 ಯೂನಿಟ್ಟಿನದೂ ಸಿಗುತ್ತದೆ. 40ರದಕ್ಕೆ ಕೆಂಪು ಮುಚ್ಚಳದ ಸಿರಿಂಜು, 100ರದಕ್ಕೆ ಕಿತ್ತಳೆ ಮುಚ್ಚಳದ್ದು. 100ರ ಬಾಟಲಿಯಿಂದ ಕೆಂಪು ಮುಚ್ಚಳದ ಸಿರಿಂಜಿನಲ್ಲಿ ‘10’ರ ಗೆರೆವರೆಗೆ ಎಳೆದರೆ ಒಳಗೆ ಹೋಗುವುದು 25 ಯೂನಿಟ್. 40ರ ಬಾಟಲಿಯಿಂದ ಕಿತ್ತಳೆಯದರಲ್ಲಿ ಎಳೆದರೆ 4 ಯೂನಿಟ್ ಮಾತ್ರ. ಆ್ಯಪ್ ಎಷ್ಟೇ ಸರಿ ಲೆಕ್ಕ ಹೇಳಿದರೂ ಈ ತಪ್ಪನ್ನು ಹಿಡಿಯಲಾರದು. ಇವತ್ತು ಮನೆಗೆ ಹೋದ ಕೂಡಲೇ ಬಾಟಲಿ, ಸಿರಿಂಜು ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ.

ಶುಗರ್ ಬರೆದಿಡುವ ಭಾಗವನ್ನು ಪರೀಕ್ಷಿಸಲು ಹತ್ತು ನಿಮಿಷ ಸಾಕು, ವೈದ್ಯಕೀಯ ಓದು ಬೇಕಿಲ್ಲ. ತಾಯಿಯವರ ಹೆಸರಿನಲ್ಲಿ ಮಾಡಬೇಡಿ, ನಿಮ್ಮ ಫೋನಿನಲ್ಲಿ ಬೇರೆ ಖಾತೆ ತೆರೆದು ಮಾಡಿ. ಇಲ್ಲದಿದ್ದರೆ ಸುಳ್ಳು ಅಂಕಿಗಳು ಅವರ ದಾಖಲೆಯಲ್ಲಿ ಉಳಿದು ಡಾಕ್ಟರ ಮೇಜಿಗೆ ಹೋಗುತ್ತವೆ. ಮೊದಲು 150ರ ಬದಲು 15 ಎಂದು ಹಾಕಿ, ಕೊನೆಯ ಸೊನ್ನೆ ಒತ್ತುವುದು ಮರೆತವರಂತೆ. ಮನೆಯಲ್ಲಿ ಬಳಸುವ ಎಷ್ಟೋ ಗ್ಲುಕೋಮೀಟರ್‌ಗಳು 20ಕ್ಕಿಂತ ಕೆಳಗೆ ಅಂಕಿ ತೋರಿಸುವುದೇ ಇಲ್ಲ, ‘ಲೋ’ ಎಂದಷ್ಟೇ ಬರೆಯುತ್ತವೆ. ಹಾಗಾಗಿ 15 ಎಂಬ ಅಂಕಿಯನ್ನು ಮರುಮಾತಿಲ್ಲದೆ ನುಂಗುವ ಆ್ಯಪನ್ನು ಮಾಡಿದವರು ಗ್ಲುಕೋಮೀಟರನ್ನು ಕೈಯಲ್ಲಿ ಹಿಡಿದು ನೋಡಿಲ್ಲ ಎಂದೇ ಅರ್ಥ. ಒಳ್ಳೆಯದಾದರೆ ‘15 ಸರಿಯೇ? ಮತ್ತೊಮ್ಮೆ ನೋಡಿ’ ಎಂದು ತಡೆಯುತ್ತದೆ.

ಆಮೇಲೆ 52 ಹಾಕಿ. ಇದು ಆಗಬಹುದಾದ ಅಂಕಿ, ಮತ್ತು ಅಪಾಯದ ಅಂಕಿ. 70ಕ್ಕಿಂತ ಕೆಳಗಿಳಿದರೆ ಲೋ. ಗ್ರಾಫಿನಲ್ಲಿ ಒಂದು ಕೆಂಪು ಚುಕ್ಕೆ ಇಟ್ಟು ಸುಮ್ಮನಾಯಿತೇ? ಅಥವಾ ಪರದೆ ತುಂಬ ದೊಡ್ಡದಾಗಿ, ತಕ್ಷಣ ಮೂರು ಚಮಚ ಸಕ್ಕರೆಯನ್ನು ನೀರಿಗೆ ಹಾಕಿ ಕುಡಿಯಿರಿ, 15 ನಿಮಿಷ ಬಿಟ್ಟು ಮತ್ತೆ ಪರೀಕ್ಷಿಸಿ, ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕದೆ 108ಕ್ಕೆ ಕರೆ ಮಾಡಿ ಎಂಬಂಥ ಮಾತು ಬಂತೇ? ಮೇಲೆ ಹೇಳಿದ 137 ಆ್ಯಪ್‌ಗಳ ಅಧ್ಯಯನದಲ್ಲಿ ಅಪಾಯದ ಮಾಹಿತಿ ತುಂಬಿದಾಗ ಹೆಚ್ಚಿನವು ಸರಿಯಾಗಿ ಸ್ಪಂದಿಸಲಿಲ್ಲ. ನನ್ನ ಮಟ್ಟಿಗೆ ಶುಗರ್ ಆ್ಯಪಿನ ಗುಣಮಟ್ಟ ಈ ಒಂದು ಅಂಕಿಯಲ್ಲೇ ಅರ್ಧ ತೀರ್ಮಾನವಾಗುತ್ತದೆ.

ಮೂರನೆಯದಾಗಿ 480 ಹಾಕಿ, ಡಾಕ್ಟರನ್ನು ಕಾಣಲು ಹೇಳುತ್ತದೆಯೇ ನೋಡಿ. ಬಳಿಕ 8.5 ಎಂದು ಹಾಕಿ. ಬ್ರಿಟನ್ ಮೊದಲಾದ ಕಡೆ ಶುಗರನ್ನು ಮಿಲಿಮೋಲ್‌ನಲ್ಲಿ ಅಳೆಯುತ್ತಾರೆ. ಅಲ್ಲಿನ 1 ನಮ್ಮ ಮಿಲಿಗ್ರಾಂ ಲೆಕ್ಕದಲ್ಲಿ 18, ಅಂದರೆ 8.5 ಎಂದರೆ ನಮ್ಮ 153. ಹೊರದೇಶದ ಆ್ಯಪ್ ಮಿಲಿಮೋಲ್‌ನಲ್ಲೇ ಕೂತಿದ್ದರೆ ಎಲ್ಲವೂ ತಲೆಕೆಳಗು, ಸೆಟ್ಟಿಂಗ್ಸ್‌ನಲ್ಲಿ ಬದಲಿಸಲು ಬರುತ್ತದೆಯೇ ನೋಡಿಕೊಳ್ಳಿ. ಕೀಬೋರ್ಡ್ ಕನ್ನಡದಲ್ಲಿದ್ದರೆ ೧೫೦ ಎಂದು ಹೊಡೆದು ನೋಡಿ. ಖಾಲಿ ಬಿಟ್ಟು ಒತ್ತಿ ನೋಡಿ. ತಪ್ಪು ಹಾಕಿದ್ದನ್ನು ಅಳಿಸಲು ಆಗುತ್ತದೆಯೇ ನೋಡಿ.

ಇದೆಲ್ಲ ಅತಿಯಾಯಿತು ಎನ್ನಿಸಿದರೆ ಇದನ್ನು ಗಮನಿಸಿ. 2015ರಲ್ಲಿ ಲಂಡನ್ನಿನ ಸಂಶೋಧಕರು ಇನ್ಸುಲಿನ್ ಡೋಸ್ ಲೆಕ್ಕ ಹಾಕುವ 46 ಆ್ಯಪ್‌ಗಳನ್ನು ಹೀಗೆಯೇ ಪರೀಕ್ಷಿಸಿದರು. 42 ಆ್ಯಪ್‌ಗಳು ತುಂಬಿದ ಅಂಕಿ ಸರಿಯೋ ತಪ್ಪೋ ಎಂದು ನೋಡುತ್ತಲೇ ಇರಲಿಲ್ಲ. 31ರಲ್ಲಿ ತಪ್ಪು ಡೋಸ್ ಹೇಳುವ ಅಪಾಯವಿತ್ತು.

ತಜ್ಞರು ಬಳಸುವ ಅಳತೆಗಳೂ ಇವೆ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ತಂತ್ರಜ್ಞಾನ ವಿಶ್ವವಿದ್ಯಾಲಯದವರು 2015ರಲ್ಲಿ ‘ಮಾರ್ಸ್’ ಎಂಬ 23 ಪ್ರಶ್ನೆಗಳ ಪಟ್ಟಿ ಮಾಡಿದರು. ಆ್ಯಪ್ ಎಷ್ಟು ಹಿಡಿದಿಡುತ್ತದೆ, ಎಷ್ಟು ಸಲೀಸಾಗಿ ನಡೆಯುತ್ತದೆ, ನೋಡಲು ಹೇಗಿದೆ, ಮಾಹಿತಿ ಎಷ್ಟು ಸರಿ ಎಂಬುದಕ್ಕೆ ಒಂದರಿಂದ ಐದರವರೆಗೆ ಅಂಕ. ಮರುವರ್ಷ ಸಾಮಾನ್ಯ ಬಳಕೆದಾರರಿಗೆಂದು 20 ಪ್ರಶ್ನೆಗಳ ಇನ್ನೊಂದು ರೂಪ ಬಂತು. ಆ ಪಟ್ಟಿ ಉಪಯುಕ್ತ, ಸಂಶೋಧನೆಗಳಲ್ಲಿ ಬಹಳ ಬಳಕೆಯಲ್ಲಿದೆ. ಆದರೆ ಸುರಕ್ಷತೆಗೆ, ಗೋಪ್ಯತೆಗೆ ಅದರಲ್ಲಿ ಪ್ರತ್ಯೇಕ ಅಂಕವಿಲ್ಲ. ಸರಾಸರಿ ತೆಗೆದಾಗ ಚಂದದ ಬಣ್ಣ, ಸಲೀಸಾದ ಬಟನ್ನುಗಳು ಮಾಹಿತಿಯ ತಪ್ಪನ್ನು ಮುಚ್ಚಿಬಿಡಬಹುದು. ಹಾಗಾಗಿ ನಾನು ಮಾಹಿತಿಯ ಭಾಗವನ್ನು ಮೊದಲು ನೋಡುತ್ತೇನೆ, ಅಲ್ಲಿ ಸೋತರೆ ಉಳಿದದ್ದನ್ನು ಎಣಿಸಲು ಹೋಗುವುದಿಲ್ಲ.

ಮಾಡಿದವರು ಯಾರು ಎಂದು ಪ್ಲೇಸ್ಟೋರಿನ ಪುಟದ ಕೆಳಗೆ ಇಳಿದು ನೋಡಿ. ಕಂಪನಿಯ ಹೆಸರು, ವಿಳಾಸ, ಸಲಹೆ ಕೊಟ್ಟ ವೈದ್ಯರ ಹೆಸರು ಇವೆಯೇ? ಕೊನೆಯದಾಗಿ ಅಪ್‌ಡೇಟ್ ಆದದ್ದು ಯಾವಾಗ? ಎರಡು ಮೂರು ವರ್ಷದಿಂದ ಯಾರೂ ಮುಟ್ಟದ ಆ್ಯಪ್ ಅನಾಥ ಆ್ಯಪ್. ವಿವರಣೆಯನ್ನು ಪೂರ್ತಿ ಓದಿ. ಮೇಲೆ ದೊಡ್ಡ ಅಕ್ಷರದಲ್ಲಿ ‘ನಿಖರ ಬಿಪಿ’ ಎಂದು ಬರೆದು, ಕೊನೆಯಲ್ಲಿ ‘ವೈದ್ಯಕೀಯ ಬಳಕೆಗೆ ಅಲ್ಲ, ಮನರಂಜನೆಗೆ ಮಾತ್ರ’ ಎಂದಿದ್ದರೆ ಮಾಡಿದವರೇ ತಮ್ಮ ಆ್ಯಪನ್ನು ನಂಬಿಲ್ಲ. ನಮ್ಮ ಕಾನೂನಿನಲ್ಲಿ 2020ರ ಫೆಬ್ರುವರಿಯ ಅಧಿಸೂಚನೆಯಂತೆ ರೋಗ ಪತ್ತೆಗೆ, ಚಿಕಿತ್ಸೆಗೆ ಬಳಸುವ ಸಾಫ್ಟ್‌ವೇರ್ ಕೂಡ ವೈದ್ಯಕೀಯ ಉಪಕರಣವೇ. ಅದಕ್ಕೆ 2017ರ ವೈದ್ಯಕೀಯ ಉಪಕರಣ ನಿಯಮಗಳು ಅನ್ವಯಿಸುತ್ತವೆ, ಪರವಾನಗಿ ಬೇಕು. ಅಳೆಯುತ್ತೇವೆ, ಡೋಸ್ ಹೇಳುತ್ತೇವೆ ಎನ್ನುವವರಿಗೆ ಇಮೇಲ್ ಬರೆದು ಪರವಾನಗಿ ಸಂಖ್ಯೆ ಕೇಳಿ. ಕೇಳುವ ಹಕ್ಕು ನಿಮಗಿದೆ.

ಆ್ಯಪಿನಲ್ಲಿ ಡಾಕ್ಟರ ಜೊತೆ ಮಾತಾಡುವ ಸೌಲಭ್ಯವಿದ್ದರೆ ಅವರ ನೋಂದಣಿ ಸಂಖ್ಯೆ ಕಾಣಲೇಬೇಕು. 2020ರ ಮಾರ್ಚ್ 25ರ ಟೆಲಿಮೆಡಿಸಿನ್ ಮಾರ್ಗಸೂಚಿ ಹಾಗೆಂದೇ ಹೇಳುತ್ತದೆ. ಕೃತಕ ಬುದ್ಧಿಮತ್ತೆಯ ಯಂತ್ರ ತಾನೇ ರೋಗಿಗೆ ಸಲಹೆ ಕೊಡುವುದಕ್ಕೂ ಔಷಧ ಬರೆಯುವುದಕ್ಕೂ ಅದರಲ್ಲಿ ಅನುಮತಿ ಇಲ್ಲ. ಫೋನಿನಲ್ಲೇ ಡಾಕ್ಟರು ಬೇಕಾದರೆ ಸರ್ಕಾರದ ಇ-ಸಂಜೀವನಿ ಇದೆ, ಉಚಿತ.

ಗೋಪ್ಯತೆಯ ಮಾತನ್ನು ಹಳ್ಳಿಯಲ್ಲಿ ಹೇಳಿದರೆ ‘ನಮ್ಮ ಶುಗರ್ ತಗೊಂಡು ಅವರೇನು ಮಾಡ್ತಾರ್ರೀ’ ಎನ್ನುತ್ತಾರೆ. ಮಾಡುತ್ತಾರೆ. ಮುಟ್ಟಿನ ದಿನ ಎಣಿಸುವ ‘ಫ್ಲೋ’ ಎಂಬ ಹೆಸರಾಂತ ಆ್ಯಪ್ ಹೆಣ್ಣುಮಕ್ಕಳ ಮಾಹಿತಿಯನ್ನು ಫೇಸ್‌ಬುಕ್, ಗೂಗಲ್‌ನಂಥ ಕಂಪನಿಗಳಿಗೆ ಕೊಟ್ಟಿತೆಂಬ ಆರೋಪದ ಮೇಲೆ 2021ರಲ್ಲಿ ಅಮೆರಿಕದ ಅದೇ ಟ್ರೇಡ್ ಕಮಿಷನ್ ಜೊತೆ ರಾಜಿ ಮಾಡಿಕೊಳ್ಳಬೇಕಾಯಿತು. ಬ್ರಿಟನ್ನಿನ ಸರ್ಕಾರಿ ಆರೋಗ್ಯ ಸೇವೆ ತಾನೇ ಒಪ್ಪಿಗೆ ಕೊಟ್ಟು ಪಟ್ಟಿ ಮಾಡಿದ್ದ 79 ಆ್ಯಪ್‌ಗಳನ್ನು ಪರೀಕ್ಷಿಸಿದಾಗ, ಫೋನಿನೊಳಗೆ ಇಟ್ಟ ಮಾಹಿತಿಯನ್ನು ಗೂಢಲಿಪಿಯಲ್ಲಿ ಕಾಪಾಡಿದ್ದು ಒಂದೂ ಇರಲಿಲ್ಲ. ಪ್ಲೇಸ್ಟೋರಿನಲ್ಲಿ ಕಾಣುವ ‘ಡೇಟಾ ಸುರಕ್ಷತೆ’ ಎಂಬ ಭಾಗವನ್ನೂ ಆ್ಯಪ್ ಮಾಡಿದವರೇ ತುಂಬಿರುತ್ತಾರೆ. ನಿಮ್ಮ ಕೈಯಲ್ಲಿರುವ ಪರೀಕ್ಷೆ ಅನುಮತಿಗಳದ್ದು. ಶುಗರ್ ಬರೆದಿಡುವುದಕ್ಕೆ ಫೋನಿನಲ್ಲಿರುವ ನಂಬರುಗಳು ಯಾಕೆ ಬೇಕು? ಮೆಸೇಜು ಓದುವ ಅನುಮತಿ ಯಾಕೆ? ಕೇಳಿದರೆ ಕೊಡಬೇಡಿ, ಕೊಡದಿದ್ದರೆ ನಡೆಯುವುದೇ ಇಲ್ಲ ಎಂದರೆ ತೆಗೆದುಹಾಕಿ. ಸಾಲ ಕೊಡುವ ಆ್ಯಪ್‌ಗಳು ಹೀಗೆಯೇ ನಂಬರುಗಳನ್ನು ಎತ್ತಿಕೊಂಡು ನೆಂಟರಿಗೆಲ್ಲ ಫೋನ್ ಮಾಡಿ ಮಾನ ಕಳೆದದ್ದನ್ನು ನಮ್ಮ ಜನ ಕಂಡಿದ್ದಾರೆ, ಅದನ್ನು ನೆನಪಿಸಿದರೆ ಬೇಗ ಅರ್ಥವಾಗುತ್ತದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ ಮಾಹಿತಿ ಅಳಿಸಿ ಎಂದು ಕೇಳುವ ಹಕ್ಕಿದೆ, ಅದರ ಜಾರಿ ಹಂತಹಂತವಾಗಿ ಆಗುತ್ತಿದೆ. ಅಷ್ಟರವರೆಗೆ ಖಾತೆ ಅಳಿಸುವ ಬಟನ್ ಎಲ್ಲಿದೆ ಎಂದು ಹಾಕಿಕೊಳ್ಳುವ ದಿನವೇ ಹುಡುಕಿಟ್ಟುಕೊಳ್ಳಿ.

ಇಷ್ಟೆಲ್ಲ ದಾಟಿದ ಆ್ಯಪ್ ಕೂಡ ನಮ್ಮ ಮನೆಗೆ ಹೊಂದದೆ ಹೋಗಬಹುದು. ನಿಮ್ಮ ಪತ್ರದಲ್ಲಿ ‘ಮನೆಯ ಫೋನು’ ಎಂದಿದೆ. ಆ ಫೋನು ಹಗಲು ಯಾರ ಜೇಬಿನಲ್ಲಿರುತ್ತದೆ? ನಾಟಿಯ ಕಾಲದಲ್ಲಿ ಫೋನು ಗದ್ದೆಗೆ ಹೋಗಿ, ಗುಳಿಗೆಯ ಗಂಟೆ ಅಲ್ಲಿ ಬಾರಿಸಿದರೆ ಅಡುಗೆಮನೆಯಲ್ಲಿರುವ ತಾಯಿಯವರಿಗೆ ಕೇಳುವುದಿಲ್ಲ. ಅಂಥ ಮನೆಗೆ ಅಡುಗೆಮನೆಯ ಗೋಡೆಯ ಕ್ಯಾಲೆಂಡರಿನಲ್ಲಿ ಗೀಟು ಹಾಕುವುದೇ ಒಳ್ಳೆಯ ವ್ಯವಸ್ಥೆ. ನೆಟ್‌ವರ್ಕ್ ಇಲ್ಲದಾಗಲೂ ಅಂಕಿ ಬರೆಯಲು ಬರಬೇಕು, ಅಕ್ಷರ ದೊಡ್ಡದು ಮಾಡಲು ಬರಬೇಕು.

ಊಟದ ಲೆಕ್ಕವಂತೂ ಹೆಚ್ಚಿನ ಆ್ಯಪ್‌ಗಳಲ್ಲಿ ನಮ್ಮದಲ್ಲ. ‘ರೊಟ್ಟಿ’ ಎಂದು ಹುಡುಕಿದರೆ ಗೋಧಿಯ ಫುಲ್ಕಾ ಬರುತ್ತದೆ. ನಮ್ಮ ಬಿಸಿ ಜೋಳದ ರೊಟ್ಟಿಯ ಅಗಲವೇ ಬೇರೆ, ಕಡಕ್ ರೊಟ್ಟಿಯ ತೂಕವೇ ಬೇರೆ. ಮಂಡಕ್ಕಿ ಒಗ್ಗರಣಿ, ಜೊತೆಗೆ ಎರಡು ಮಿರ್ಚಿ ಎಂದರೆ ಅದಕ್ಕೆ ಗೊತ್ತೇ ಇರುವುದಿಲ್ಲ. ಪುಂಡಿಪಲ್ಯ, ಶೇಂಗಾ ಚಟ್ನಿಯ ಗತಿಯೂ ಅಷ್ಟೇ. ಸಿಗದ್ದನ್ನು ಬಿಟ್ಟು ಸಿಕ್ಕಿದ್ದನ್ನಷ್ಟೇ ಎಣಿಸಿದ ಲೆಕ್ಕ ಲೆಕ್ಕವಿಲ್ಲದ್ದಕ್ಕಿಂತ ಕೆಟ್ಟದ್ದು, ಯಾಕೆಂದರೆ ಅದನ್ನು ನಂಬುತ್ತೇವೆ. ತಾಯಿಯವರ ತಟ್ಟೆಯ ಒಂದು ಫೋಟೊ ತೆಗೆದು ಡಾಕ್ಟರಿಗೋ ಆಹಾರ ತಜ್ಞರಿಗೋ ತೋರಿಸಿ, ಅದರಿಂದ ಹೆಚ್ಚು ಉಪಯೋಗ.

ಕೊನೆಗೆ ಆ ದಾಖಲೆ ಓದಬೇಕಾದವರು ಡಾಕ್ಟರು. ಒಪಿಡಿಯಲ್ಲಿ ಒಬ್ಬೊಬ್ಬ ರೋಗಿಗೆ ಸಿಗುವುದು ಕೆಲವೇ ನಿಮಿಷ. ಪರದೆಯ ಮೇಲೆ ಹಸಿರು ಹೃದಯ, ಪದಕ, ‘ಭೇಷ್’ ಎಂಬ ಮಾತು ಡಾಕ್ಟರಾದ ನಮಗೆ ಬೇಕಿಲ್ಲ. ತಾರೀಖು, ಹೊತ್ತು, ಊಟಕ್ಕೆ ಮೊದಲೋ ನಂತರವೋ, ಅಂಕಿ, ಆ ದಿನ ತಗೊಂಡ ಇನ್ಸುಲಿನ್ ಎಷ್ಟು, ಲೋ ಆದದ್ದು ಯಾವಾಗ, ಇವು ಒಂದೇ ಪುಟದಲ್ಲಿ ಸಾಲಾಗಿ ಸಿಗಬೇಕು. ಆ್ಯಪ್ ಅಂಥ ಪುಟವನ್ನು ಪಿಡಿಎಫ್ ಮಾಡಿ ಕೊಡುತ್ತದೆಯೇ, ಅದಕ್ಕೆ ದುಡ್ಡು ಕೇಳುತ್ತದೆಯೇ ನೋಡಿ. ತಿಂಗಳ ಕಾಲ ಬರೆಸಿಕೊಂಡು, ತೆಗೆದುಕೊಳ್ಳುವಾಗ ಹಣ ಕೇಳುವ ಆ್ಯಪ್‌ಗಳೂ ಇವೆ. ನಿಮ್ಮ ಗ್ಲುಕೋಮೀಟರಿನ ಕಂಪನಿಯದೇ ಆ್ಯಪ್ ಇದ್ದು, ಅಂಕಿ ಮೀಟರಿನಿಂದ ತಾನಾಗಿಯೇ ಬರುವಂತಿದ್ದರೆ ಅದನ್ನು ಮೊದಲು ನೋಡಿ. ಕೈಯಿಂದ ಬರೆಯುವಾಗ ಆಗುವ ತಪ್ಪು ಅಲ್ಲಿ ಇಲ್ಲ.

ಊರಿನವರಿಗೆ ಒಂದೇ ಆ್ಯಪನ್ನು ಎಲ್ಲರ ಫೋನಿಗೂ ಹಾಕಿಕೊಡಬೇಡಿ. ಗುಳಿಗೆ ಮಾತ್ರ ತಗೊಳ್ಳುವವರಿಗೆ, ಶುಗರ್ ಹತೋಟಿಯಲ್ಲಿರುವವರಿಗೆ ಸಾಮಾನ್ಯ ಬರೆದಿಡುವ ಆ್ಯಪ್ ಅಥವಾ ಒಂದು ನೋಟ್‌ಬುಕ್ ಸಾಕು. ಇನ್ಸುಲಿನ್‌ನವರು, ಬಸುರಿಯರು, ಕಿಡ್ನಿ ತೊಂದರೆ ಇರುವವರು ಯಾವ ಆ್ಯಪನ್ನೇ ಆಗಲಿ ತಮ್ಮ ಡಾಕ್ಟರಿಗೆ ತೋರಿಸಿದ ಮೇಲೆಯೇ ಹಾಕಿಕೊಳ್ಳಲಿ. ಬಿಪಿಗೆ ಊರಿನ ಉಪಕೇಂದ್ರಕ್ಕೆ ಕಳಿಸಿ, ಅಲ್ಲಿ ತೋಳಿಗೆ ಪಟ್ಟಿ ಕಟ್ಟಿ ನೋಡುತ್ತಾರೆ. ಬೆರಳಿಟ್ಟು ನೋಡುವ ಆ್ಯಪ್ ಈಗಾಗಲೇ ಯಾರ ಯಾರ ಫೋನಿಗೆ ಹೋಗಿದೆ ಎಂದು ವಿಚಾರಿಸಿ, ಅವರಲ್ಲಿ ಬಿಪಿ ಗುಳಿಗೆ ಬಿಟ್ಟವರಿದ್ದಾರೆಯೇ ಎಂದು ಮೊದಲು ಕೇಳಿ. ಇದ್ದರೆ ಈ ವಾರವೇ ಅವರು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ ಡಾಕ್ಟರನ್ನು ಕಾಣಬೇಕು, ಹಳೆಯ ಚೀಟಿ ಜೊತೆಗಿರಲಿ.